ಹೊಸ ಸ್ಪೀಕರ್ ತಂದರೂ ಗುಂಯ್‌ಗುಡುವ ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ಸ್ಟೀರಿಯೊ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ದೂರು: ಉಪಕರಣ ಒಳ್ಳೆಯದೇ, ಆದರೆ ಕೇಳಲು ಹಿತವಾಗಿಲ್ಲ. ಇನ್ನಷ್ಟು ದುಡ್ಡು ಸುರಿಯುವ ಮೊದಲು ಸ್ಪೀಕರ್ ಎಲ್ಲಿದೆ, ನೀವೆಲ್ಲಿ ಕೂರುತ್ತೀರಿ, ಗೋಡೆಯ ಮೇಲೇನಿದೆ ಎಂದು ನೋಡಿ.

ಪ್ರಶ್ನೆ: ಹೊಸ ಮನೆಯಲ್ಲಿ 12×14 ಅಡಿಯ ಕೋಣೆಯನ್ನು ಸಂಗೀತಕ್ಕೆಂದೇ ಇಟ್ಟುಕೊಂಡಿದ್ದೇನೆ. ಎತ್ತರ 10 ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ದೊಡ್ಡ ಗಾಜಿನ ಕಿಟಕಿ. ಸ್ಟ್ಯಾಂಡ್ ಮೇಲಿಡುವ ಎರಡು ಸ್ಪೀಕರ್ ಇವೆ. ಹಾಡುವವರ ಮಾತು ಸ್ಪಷ್ಟವಿಲ್ಲ, ಪಿಟೀಲು ಕಿವಿಗೆ ಚುಚ್ಚುತ್ತದೆ. ಆಂಪ್ಲಿಫೈಯರ್ ಬದಲಿಸಲೇ? (ಮೈಸೂರಿನ ಓದುಗರು)

ಉತ್ತರ: ಆಂಪ್ಲಿಫೈಯರ್ ತಂಟೆಗೆ ಹೋಗಬೇಡಿ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅದರ ಬೆನ್ನಿಗೇ ತಗಡು ನಡುಗಿದ ಹಾಗೆ ‘ಟರ್ರ್’ ಎಂಬ ಸದ್ದು ಬಂದರೆ, ಎದುರುಬದುರು ಗೋಡೆಗಳ ನಡುವೆ ಧ್ವನಿ ಪುಟಿದಾಡುತ್ತಿದೆ ಎಂದರ್ಥ. ಟೈಲ್ಸ್, ಗಾರೆ ಗೋಡೆ, ಆರ್‌ಸಿಸಿ ಸೂರು, ಗಾಜು ಇವ್ಯಾವುವೂ ಧ್ವನಿಯನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ.

ಎಷ್ಟು ಹೀರಿಕೆ ಬೇಕೆಂದು ಲೆಕ್ಕ ಹಾಕಬಹುದು. ಇದರ ಸೂತ್ರ ಕೊಟ್ಟವರು ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಉಪನ್ಯಾಸದ ಸಭಾಂಗಣವೊಂದರಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸುತ್ತ, ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆದರು. ಅಡಿಯ ಲೆಕ್ಕದಲ್ಲಿ ಸೂತ್ರ ಹೀಗಿದೆ: ಕೋಣೆಯ ಘನ ಅಳತೆಯನ್ನು 0.049ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಬೇಕು. ಬಂದ ಉತ್ತರವೇ ಸದ್ದು ಪೂರ್ತಿ ಅಡಗಲು ಬೇಕಾದ ಸೆಕೆಂಡು.

ನಿಮ್ಮ ಕೋಣೆ 1,680 ಘನ ಅಡಿ. ಗೋಡೆ, ನೆಲ, ಸೂರು ಸೇರಿ 856 ಚದರಡಿ. ಇಂಥ ಗಟ್ಟಿ ಮೇಲ್ಮೈ ಹೀರುವುದು ನೂರರಲ್ಲಿ ಮೂರು ಪಾಲು, ಅಂದರೆ ಸುಮಾರು 26 ಚದರಡಿಯಷ್ಟು. ಖಾಲಿ ಕೋಣೆಯಲ್ಲಿ ಸದ್ದು ಅಡಗಲು 3 ಸೆಕೆಂಡಿಗೂ ಹೆಚ್ಚು ಬೇಕು! ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡು ಅಥವಾ ಅದಕ್ಕಿಂತ ತುಸು ಕಡಿಮೆ ಇದ್ದರೆ ಚೆನ್ನ. ಅಂದರೆ ಕನಿಷ್ಠ 165 ಚದರಡಿಯಷ್ಟು ಹೀರಿಕೆ ಬೇಕು. ಮೂವರು ಕೂರುವ ಬಟ್ಟೆಯ ಸೋಫಾ (ರೆಕ್ಸಿನ್ ಬೇಡ) ಸುಮಾರು 25 ಕೊಡುತ್ತದೆ. ಕೆಳಗೆ ದಪ್ಪ ಫೆಲ್ಟ್ ಹಾಕಿದ 6×8 ಅಡಿಯ ಕಾರ್ಪೆಟ್ಟಿನಿಂದ ಇನ್ನೊಂದು 25. ಕಿಟಕಿಗೆ ಭಾರದ ಪರದೆ ಹಾಕಿ. ಕಿಟಕಿಯ ಎರಡರಷ್ಟು ಅಗಲದ ಬಟ್ಟೆಯನ್ನು ನೆರಿಗೆಯಾಗಿ, ಗಾಜಿನಿಂದ 6 ಇಂಚು ಮುಂದೆ ತೂಗಿಬಿಟ್ಟರೆ 30 ಸಿಗುತ್ತದೆ. ತೆಳು ಪರದೆಯಿಂದ ಏನೂ ಆಗದು. ಇಬ್ಬರು ಕೂತರೆ 9. ಉಳಿದದ್ದಕ್ಕೆ ದಪ್ಪ ಪ್ಯಾನೆಲ್ (ಸದ್ದು ಹೀರುವ ನಾರು ತುಂಬಿದ ಚೌಕಟ್ಟು) ಆರು ಬೇಕು. ಮಾಡುವ ಬಗೆ ಮುಂದೆ ಇದೆ.

ಅದಕ್ಕೂ ಮೊದಲು ಜಾಗ ಸರಿಮಾಡಿ, ಇದಕ್ಕೆ ಖರ್ಚಿಲ್ಲ. ಸ್ಪೀಕರುಗಳನ್ನು 12 ಅಡಿಯ ಗೋಡೆಯ ಮುಂದಿಟ್ಟು, ಉದ್ದಕ್ಕೆ ಮುಖ ಮಾಡಿ. ಸ್ಪೀಕರ್ ಮುಖ ಹಿಂದಿನ ಗೋಡೆಯಿಂದ 2 ಅಡಿ ಮುಂದೆ, ನಡುಭಾಗ ಪಕ್ಕದ ಗೋಡೆಯಿಂದ 2 ಅಡಿ 9 ಇಂಚು ದೂರ ಇರಲಿ. ಈ ಎರಡು ಅಳತೆ ಒಂದೇ ಆಗಿರಬಾರದು. ಗೋಡೆಗೆ ಬಡಿದು ಬಂದ ಅಲೆ ನೇರ ಅಲೆಯನ್ನು ಒಂದು ಕಂಪನಾಂಕದಲ್ಲಿ ಅಳಿಸಿಹಾಕುತ್ತದೆ: 2 ಅಡಿಗೆ 141 ಹರ್ಟ್ಸ್, 2 ಅಡಿ 9 ಇಂಚಿಗೆ ಸುಮಾರು 103 ಹರ್ಟ್ಸ್. ಎರಡೂ ದೂರ ಸಮವಾದರೆ ಹೀಗೆ ಸದ್ದು ತಗ್ಗಿ ಬಿದ್ದ ಎರಡು ಗುಂಡಿಗಳು ಒಂದೇ ಕಡೆ ಸೇರಿ ಆಳವಾಗುತ್ತವೆ. ನಿಮ್ಮ ಕಿವಿ ಬೆನ್ನ ಹಿಂದಿನ ಗೋಡೆಯಿಂದ 5 ಅಡಿ 4 ಇಂಚು ಮುಂದಿರಲಿ, ಅಂದರೆ ಉದ್ದದ ಶೇ 38. ಟ್ವೀಟರ್ (ಸ್ಪೀಕರಿನಲ್ಲಿ ತಾರದ ಸದ್ದು ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕೆ ಬರಲಿ. ಸೋಫಾವನ್ನು ಗೋಡೆಗೆ ಅಂಟಿಸಿ ಇಡುವುದು ನಮ್ಮೆಲ್ಲರ ಮನೆಯ ರೂಢಿ. ಧ್ವನಿ ಕೆಡುವುದೂ ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ಕೋಣೆ 10×10, ಎತ್ತರವೂ 10 ಅಡಿ. ತಬಲಾ ಕೇಳುವಾಗ ಡಗ್ಗಾದ (ಜೋಡಿಯಲ್ಲಿ ಮಂದ್ರದ ದೊಡ್ಡ ವಾದ್ಯ) ಕೆಲವು ಪೆಟ್ಟು ಕೋಣೆ ತುಂಬಿಕೊಳ್ಳುತ್ತವೆ, ಕೆಲವು ಕೇಳಿಸೋದೇ ಇಲ್ಲ. ನವಲಗುಂದದ ಜಮಖಾನೆ ಹಾಸಿ ನೋಡಿದೆ, ಗುಂಯ್‌ಗುಡೋದು ಕಡಿಮೆ ಆಗಲಿಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ಮೂರೂ ಅಳತೆ ಒಂದೇ ಇರುವ ಕೋಣೆಯಷ್ಟು ಕಷ್ಟದ್ದು ಬೇರೆ ಇಲ್ಲ. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆಯ ಕಂಪನಾಂಕ ತಿಳಿಯಲು 565ನ್ನು ಅಡಿಯಿಂದ ಭಾಗಿಸಿ. 10 ಅಡಿಗೆ 56.5 ಹರ್ಟ್ಸ್, ಅದರ ಮೇಲಿನದು 113. ನಿಮ್ಮಲ್ಲಿ ಉದ್ದ, ಅಗಲ, ಎತ್ತರ ಮೂರೂ ಇದೇ ಕಂಪನಾಂಕದಲ್ಲಿ ಒಟ್ಟಿಗೆ ಕೂಗುತ್ತವೆ. ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ಅದರ ಶ್ರುತಿ ಜಾರುತ್ತದಲ್ಲ, ಆ ಜಾರು ಕೋಣೆಯ ಕಂಪನಾಂಕಗಳನ್ನು ಹಾಯುವಾಗ ತಟ್ಟನೆ ಉಬ್ಬುತ್ತದೆ, ದಾಟಿದೊಡನೆ ಕುಸಿಯುತ್ತದೆ. ವಾದಕ ನುಡಿಸಿದ್ದು ಒಂದೇ ಎಳೆಯ ಮೀಂಡ್ (ಸ್ವರದ ಜಾರು), ನಿಮಗೆ ಕೇಳುವುದು ತುಂಡು ತುಂಡು.

ಜಮಖಾನೆ ಯಾಕೆ ನಾಟಲಿಲ್ಲ? ಹತ್ತಿ ನೂಲಿನ ಆ ನೇಯ್ಗೆ ಕೆಲವೇ ಮಿಲಿಮೀಟರ್ ದಪ್ಪ. ನಾರಿನ ಪದಾರ್ಥ ಧ್ವನಿಯನ್ನು ಹೀರುವುದು ಗಾಳಿ ಅದರೊಳಗೆ ಆಚೀಚೆ ಓಡಾಡಿದಾಗ. ನೆಲಕ್ಕೆ, ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದು ಅತಿ ಹೆಚ್ಚು ಓಡಾಡುವುದು ಗೋಡೆಯಿಂದ ಅಲೆಯುದ್ದದ ಕಾಲು ಭಾಗ ದೂರದಲ್ಲಿ. 56 ಹರ್ಟ್ಸ್‌ಗೆ ಆ ದೂರ 5 ಅಡಿ! ಹಾಗಾಗಿ ಜಮಖಾನೆ ತಾರದ ಸದ್ದನ್ನಷ್ಟೇ ತುಸು ತಗ್ಗಿಸುತ್ತದೆ. ತೆಗೆಯಬೇಡಿ, ಅದರ ಕೆಳಗೆ ದಪ್ಪ ಫೆಲ್ಟ್ ಅಥವಾ ಎರಡು ಪದರ ಕುರಿ ಕಂಬಳಿ ಹಾಕಿ. ಬಾಸ್‌ಗೆ, ಅಂದರೆ ಮಂದ್ರದ ಸದ್ದಿಗೆ, ಬೇರೆಯೇ ಮದ್ದು ಬೇಕು.

ಆ ಮದ್ದು ಮೂಲೆಗಳಲ್ಲಿದೆ. ಕೋಣೆಯ ಎಲ್ಲ ನಿಂತ ಅಲೆಗಳ ಒತ್ತಡವೂ ಮೂಲೆಯಲ್ಲಿ ಬಂದು ಸೇರುತ್ತದೆ. 2 ಅಡಿ ಅಗಲದ ದಪ್ಪ ಪ್ಯಾನೆಲ್ಲನ್ನು ಮೂಲೆಗೆ ಅಡ್ಡಲಾಗಿ ನಿಲ್ಲಿಸಿದರೆ ಹಿಂದೆ 1 ಅಡಿ ಆಳದ ಗಾಳಿಯೂ ಸಿಗುತ್ತದೆ. ಈಗಲೇ ಪರೀಕ್ಷಿಸಬೇಕೆಂದರೆ ಮನೆಯಲ್ಲಿರುವ ಹತ್ತಿ ಗಾದಿಗಳನ್ನು ಎರಡು ಮೂಲೆಗೆ ಅಡ್ಡ ನಿಲ್ಲಿಸಿ ಕೇಳಿ. ಫಲ ಕಂಡರೆ ಮುಂದೆ ಪ್ಯಾನೆಲ್ ಮಾಡಿಸಬಹುದು. ಪಕ್ಕದ ಪಡಸಾಲೆಗೆ ಬಾಗಿಲಿದ್ದರೆ ತೆರೆದಿಡಿ, ಒಂದಷ್ಟು ಬಾಸ್ ಅತ್ತ ಹರಿದುಹೋಗುತ್ತದೆ. ಕುರ್ಚಿಯನ್ನು ಗೋಡೆಯಿಂದ 3 ಅಡಿ 9 ಇಂಚು ಮುಂದೆ ತನ್ನಿ. ಕೋಣೆಯಲ್ಲಿ ಕಬ್ಬಿಣದ ಬೀರು ಇದ್ದರೆ ಹಾಡು ಹಾಕಿ ಅದರ ಬಾಗಿಲ ಮೇಲೆ ಅಂಗೈ ಇಟ್ಟು ನೋಡಿ. ತಗಡು ನಡುಗುತ್ತಿದ್ದರೆ ಹೊರಗೆ ಸಾಗಿಸಿ, ಇಲ್ಲವೇ ಒಳಗೆ ಬಟ್ಟೆ ತುಂಬಿ ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಶೋಕೇಸಿನ ಗಾಜೂ ಹೀಗೆಯೇ ಗಿಲಗಿಲ ಎನ್ನುತ್ತದೆ.

ಪ್ರಶ್ನೆ: ಮೊಟ್ಟೆ ಟ್ರೇ, ಥರ್ಮಾಕೋಲ್, ಆನ್‌ಲೈನ್‌ನಲ್ಲಿ ಸಿಗುವ ಮುಳ್ಳು ಮುಳ್ಳಿನ ಫೋಮ್, ಇವುಗಳಲ್ಲಿ ಯಾವುದು ಒಳ್ಳೆಯದು? (ಶಿವಮೊಗ್ಗ)

ಉತ್ತರ: ಯಾವುದೂ ಬೇಡ. ಮೊಟ್ಟೆ ಟ್ರೇ ತೆಳು ಕಾಗದ, ಬೆಂಕಿಗೆ ತುತ್ತು. ಥರ್ಮಾಕೋಲಿನ ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ, ಒಳಗೆ ಗಾಳಿ ಹೋಗದೆ ಹೀರಿಕೆ ಇಲ್ಲ. 1 ಇಂಚಿನ ಫೋಮ್ ನಿಜಕ್ಕೂ ಕೆಡುಕು ಮಾಡುತ್ತದೆ: ತಾರವನ್ನು ಮಾತ್ರ ನುಂಗಿ ಬಾಸನ್ನು ಹಾಗೇ ಬಿಡುತ್ತದೆ. ಗೋಡೆ ತುಂಬ ಅಂಟಿಸಿದವರ ಕೋಣೆ ಮಂಕೂ ಆಗಿರುತ್ತದೆ, ಗುಂಯ್‌ಗುಡುತ್ತಲೂ ಇರುತ್ತದೆ. ಅಗ್ಗದ ಪಾಲಿಯುರೆಥೇನ್ ಫೋಮಿಗೆ ಕಿಡಿ ತಗುಲಿದರೆ ವಿಷದ ಹೊಗೆ ಕಾರುತ್ತ ಉರಿಯುತ್ತದೆ. ದೀಪ, ಊದುಬತ್ತಿ ಹಚ್ಚುವ ಮನೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪ್ರಶ್ನೆ: ಪ್ಯಾನೆಲ್ ನಾನೇ ಮಾಡಬೇಕೆಂದಿದ್ದೇನೆ. ಏನೇನು ಬೇಕು, ಎಲ್ಲಿ ಹಾಕಬೇಕು? (ಬೆಂಗಳೂರು)

ಉತ್ತರ: ಒಂದು ಪ್ಯಾನೆಲ್ಲಿಗೆ ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರು) ಸ್ಲ್ಯಾಬ್ ಎರಡು. ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆ, 50 ಮಿ.ಮೀ. ದಪ್ಪ, 1000×600 ಮಿ.ಮೀ. ಅಳತೆಯದನ್ನು ಕೇಳಿ. ಇನ್ಸುಲೇಷನ್ ಸಾಮಾನು ಮಾರುವವರ ಬಳಿ ಸಿಗುತ್ತದೆ. ಹೆಚ್ಚು ಸಾಂದ್ರತೆ ಇದ್ದಷ್ಟೂ ಒಳ್ಳೆಯದೆಂದು ಅಂಗಡಿಯವರು 96 ಕೆ.ಜಿ.ಯದನ್ನು ತೋರಿಸಬಹುದು. 100 ಮಿ.ಮೀ. ದಪ್ಪಕ್ಕೆ ಅದು ಬೇಕಿಲ್ಲ, ಬೆಲೆ ಮತ್ತು ಭಾರ ಮಾತ್ರ ಏರುತ್ತವೆ. ಚೌಕಟ್ಟಿಗೆ 12 ಮಿ.ಮೀ. ಪ್ಲೈವುಡ್ಡನ್ನು 100 ಮಿ.ಮೀ. ಅಗಲದ ಪಟ್ಟಿಗಳಾಗಿ ಕೊಯ್ಯಿಸಿ. ಚೌಕಟ್ಟಿನ ಒಳ ಅಳತೆ 995×595 ಮಿ.ಮೀ. ಇದ್ದರೆ ಸ್ಲ್ಯಾಬ್ ಬಿಗಿಯಾಗಿ ಕೂರುತ್ತದೆ. ಮೂಲೆಗೆ ಅಂಟು ಮತ್ತು ಸ್ಕ್ರೂ. ಹಿಂಬದಿಗೆ ಪ್ಲೈವುಡ್ ಹಲಗೆ ಹೊಡೆಯಬೇಡಿ, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಸೊಳ್ಳೆ ಜಾಲರಿ ಸಾಕು.

ಸ್ಲ್ಯಾಬನ್ನು ಮೊದಲು ತೆಳುವಾದ ನಾನ್‌ವೋವನ್ ಬಟ್ಟೆಯಲ್ಲಿ ಸುತ್ತಿ, ಇಲ್ಲದಿದ್ದರೆ ನಾರು ಉದುರುತ್ತದೆ. ಹೊರಗಿನ ಬಟ್ಟೆ 1.4×1 ಮೀಟರ್. ಬಟ್ಟೆಯನ್ನು ಬಾಯಿಗೊತ್ತಿ ಊದಿ. ಉಸಿರು ಸಲೀಸಾಗಿ ದಾಟಿದರೆ ಸರಿ, ತಡೆದರೆ ಬೇಡ. ಖಾದಿ, ಸಡಿಲ ನೇಯ್ಗೆಯ ಸೆಣಬು ನಡೆಯುತ್ತವೆ. ಹಿಂಬದಿಗೆ ಪ್ಲಾಸ್ಟಿಕ್ ಲೇಪವಿರುವ ಸೋಫಾ ಬಟ್ಟೆ ನಡೆಯುವುದಿಲ್ಲ. ಸ್ಟೇಪಲ್ ಹೊಡೆಯುವಾಗ ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಓರೆಯಾಗಿ ಸುಕ್ಕುಗಟ್ಟುತ್ತದೆ. ನಾಲ್ಕೂ ಬದಿಯ ನಡುಭಾಗಕ್ಕೆ ಒಂದೊಂದು ಹೊಡೆದು, ಎದುರುಬದುರು ಎಳೆಯುತ್ತ ಮೂಲೆಯತ್ತ ಸಾಗಿ. ಕೈಗವಸು, ಎನ್95 ಮಾಸ್ಕ್, ತುಂಬುತೋಳಿನ ಅಂಗಿ ಇರಲೇಬೇಕು. ಕೆಲಸ ತಾರಸಿಯಲ್ಲಿ ನಡೆಯಲಿ.

ಸಿದ್ಧವಾದ ಪ್ಯಾನೆಲ್ 5ರಿಂದ 6 ಕೆ.ಜಿ. ತೂಗುತ್ತದೆ. ಗೋಡೆಯಲ್ಲಿ ರಾಲ್ ಪ್ಲಗ್ ಹಾಕಿ ಎರಡು ಸ್ಕ್ರೂಗಳಿಗೆ ತೂಗಿಸಿದರೆ ಸಾಕು. ಆದರೆ ಗೋಡೆಗೆ ಒತ್ತಬೇಡಿ, ಹಿಂದೆ 2ರಿಂದ 4 ಇಂಚು ಮರದ ತುಂಡು ಕೊಟ್ಟು ಮುಂದೆ ತನ್ನಿ. ಅಷ್ಟು ಗಾಳಿ ಬಿಟ್ಟರೆ ಅದೇ ಪ್ಯಾನೆಲ್ ಇನ್ನೂ ಕೆಳಗಿನ ಕಂಪನಾಂಕಗಳನ್ನು ಹಿಡಿಯುತ್ತದೆ.

ಆರು ಪ್ಯಾನೆಲ್ ಇದ್ದರೆ ಎರಡನ್ನು ಪಕ್ಕದ ಗೋಡೆಗಳಿಗೆ ಹಾಕಿ. ಎಲ್ಲಿ ಎಂಬುದಕ್ಕೆ ನೀವು ಕೂರುವ ಜಾಗದಲ್ಲಿ ಕೂತು, ಮತ್ತೊಬ್ಬರ ಕೈಯಲ್ಲಿ ಕನ್ನಡಿ ಕೊಟ್ಟು ಗೋಡೆಯುದ್ದಕ್ಕೂ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಪ್ಯಾನೆಲ್ಲಿನ ನಡು. ಇನ್ನೆರಡು ತಲೆಯ ಹಿಂದಿನ ಗೋಡೆಗೆ, ಉಳಿದೆರಡು ಸ್ಪೀಕರುಗಳ ಹಿಂದಿನ ಮೂಲೆಗಳಿಗೆ ಅಡ್ಡಲಾಗಿ. ಮೂಲೆಯವು ಎಷ್ಟು ಹೆಚ್ಚಿದ್ದರೂ ಒಳ್ಳೆಯದೇ. ಮುಂದೆ ಹಣ ಕೂಡಿದಾಗ ಅವನ್ನೇ ಸೂರಿನವರೆಗೆ ಏರಿಸಿ. ಮೂಲೆಯ ಪ್ಯಾನೆಲ್ಲಿಗೆ ಬಟ್ಟೆಯ ಒಳಗೆ ತೆಳು ಪಾಲಿಥೀನ್ ಹಾಳೆ ಕೊಟ್ಟರೆ ಬಾಸ್ ಒಳಹೋಗುತ್ತದೆ, ತಾರ ಕೋಣೆಗೆ ಮರಳುತ್ತದೆ. ಕೋಣೆ ಮಂಕಾಗದಿರಲು ಇದು ಒಳ್ಳೆಯ ಉಪಾಯ.

ಪ್ರಶ್ನೆ: ನಮ್ಮದು ಹಂಚಿನ ಮನೆ, ರೆಡ್ ಆಕ್ಸೈಡ್ ನೆಲ, ಕೆಂಪುಕಲ್ಲಿನ ಗೋಡೆ. ಮಳೆಗಾಲದ ತೇವದಲ್ಲಿ ಈ ಪ್ಯಾನೆಲ್‌ಗಳು ಉಳಿಯುತ್ತವೆಯೇ? (ಉಡುಪಿ)

ಉತ್ತರ: ನಿಮ್ಮ ಸೂರು ನಿಮಗೆ ವರ. ಓರೆಯಾದ್ದರಿಂದ ನೆಲಕ್ಕೂ ಸೂರಿಗೂ ನಡುವೆ ಸದ್ದು ಪುಟಿಯದು, ಹಂಚಿನ ಸಂದಿಯಿಂದ ಬಾಸ್ ಹೊರಗೂ ಹೋಗುತ್ತದೆ. ಮೂಲೆಯ ಪ್ಯಾನೆಲ್ ನಿಮಗೆ ಬಹುಶಃ ಬೇಕಾಗದು. ನೆಲಕ್ಕೆ ಕಾರ್ಪೆಟ್, ಪಕ್ಕದ ಗೋಡೆಗೆರಡು ಪ್ಯಾನೆಲ್ ಹಾಕಿ ಕೇಳಿ. ಬೂಸ್ಟು ಹತ್ತುವುದು ರಾಕ್‌ವೂಲಿಗಲ್ಲ, ಹತ್ತಿ ಬಟ್ಟೆಗೆ ಮತ್ತು ಗಾದಿಗೆ. ಹಾಗಾಗಿ ಹೊರಬಟ್ಟೆ ಪಾಲಿಯೆಸ್ಟರಿನದಾಗಲಿ, ಊದುವ ಪರೀಕ್ಷೆ ಮಾತ್ರ ಬಿಡಬೇಡಿ. ಗೋಡೆಯಿಂದ ಕನಿಷ್ಠ 2 ಇಂಚು ಅಂತರವಿರಲಿ. ಮಳೆ ನಿಂತ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ. ಆಷಾಢದ ಮಳೆ ಹಂಚಿನ ಮೇಲೆ ಬೀಳುವ ಸದ್ದಿಗೆ ಯಾವ ಪ್ಯಾನೆಲ್ಲೂ ಅಡ್ಡ ಬರದು. ಆ ತಿಂಗಳುಗಳಲ್ಲಿ ಸ್ಪೀಕರಿಗೆ ಹತ್ತಿರ, 4–5 ಅಡಿಯಲ್ಲಿ ಕೂತು ಕೇಳಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು ಬಾಸ್ ಬಗ್ಗೆ ದೂರುತ್ತಾರೆ. ಪ್ಯಾನೆಲ್ ಹಾಕಿದರೆ ನಿಲ್ಲುತ್ತದೆಯೇ? (ಬೆಂಗಳೂರು)

ಉತ್ತರ: ಇಲ್ಲ. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಲು ಭಾರವಾದ ಗೋಡೆ, ಗಾಳಿ ನುಸುಳದ ಬಾಗಿಲು ಬೇಕು. ಬಾಗಿಲಿನ ಕೆಳಸಂದಿಗೆ ಮತ್ತು ಚೌಕಟ್ಟಿಗೆ ರಬ್ಬರ್ ಬೀಡಿಂಗ್ ಹಾಕಿದರೆ ಮಾತಿನ ಸದ್ದು ತಗ್ಗುತ್ತದೆ, ಬಾಸ್ ಅಲ್ಲ. ಸಬ್‌ವೂಫರ್ (ಬಾಸ್‌ಗೆಂದೇ ಇರುವ ಪ್ರತ್ಯೇಕ ಸ್ಪೀಕರ್) ಇದ್ದರೆ ಮೂಲೆಯಿಂದ ಈಚೆ ತಂದು ದಪ್ಪ ರಬ್ಬರ್ ಪ್ಯಾಡಿನ ಮೇಲಿಡಿ, ರಾತ್ರಿ ಆರಿಸಿಬಿಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಸುಧಾರಿಸಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಈಕ್ವಲೈಜರಿನಲ್ಲೇ (ಬೇರೆ ಬೇರೆ ಕಂಪನಾಂಕದ ಸದ್ದನ್ನು ಏರಿಸಿ ಇಳಿಸುವ ಸಾಧನ) ಸರಿಮಾಡಲು ಬರುವುದಿಲ್ಲವೇ? (ದಾವಣಗೆರೆ)

ಉತ್ತರ: ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಯುಎಸ್‌ಬಿಗೆ ಸಿಕ್ಕಿಸುವ ಅಳತೆಯ ಮೈಕ್ ಒಂದನ್ನು ಕೊಳ್ಳಿ ಅಥವಾ ಎರವಲು ತನ್ನಿ. ಮೈಕ್ ನಿಮ್ಮ ಕಿವಿ ಇರುವ ಜಾಗದಲ್ಲೇ ಸ್ಟ್ಯಾಂಡಿನ ಮೇಲಿರಲಿ, ಕೈಯಲ್ಲಿ ಹಿಡಿಯಬೇಡಿ. ಫ್ಯಾನು, ಫ್ರಿಜ್ಜು ಆರಿಸಿ. ತಿರುಗುವ ಫ್ಯಾನಿನ ರೆಕ್ಕೆ ಸೂರಿನಿಂದ ಬರುವ ಸದ್ದನ್ನು ಕತ್ತರಿಸುತ್ತ ಅಳತೆ ಕೆಡಿಸುತ್ತದೆ. ಎಡ ಸ್ಪೀಕರ್ ಒಂದೇ, ಬಲ ಒಂದೇ, ಆಮೇಲೆ ಎರಡೂ, ಹೀಗೆ ಮೂರು ಸಲ ಅಳೆಯಿರಿ. 20ರಿಂದ 300 ಹರ್ಟ್ಸ್ ನಡುವಿನ ಗೆರೆಯನ್ನು ನುಣುಪುಗೊಳಿಸದೆ ನೋಡಿ. ಕುರ್ಚಿಯನ್ನು 6 ಇಂಚು ಹಿಂದೆ ಮುಂದೆ ಸರಿಸಿ ಮತ್ತೆ ಅಳೆದರೆ ಬಾಸಿನ ಗೆರೆ ಎಷ್ಟು ಬದಲಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಫೋನಿನ ಮೈಕ್ ಕೆಳಗಿನ ಕಂಪನಾಂಕದಲ್ಲಿ ನಂಬಿಕೆಗೆ ಅರ್ಹವಲ್ಲ, ಮೊದಲಿಗೂ ಈಗಿಗೂ ಹೋಲಿಸಲು ಮಾತ್ರ ಬಳಸಿ.

ಈಕ್ವಲೈಜರಿನಿಂದ ಉಬ್ಬನ್ನು ತಗ್ಗಿಸಬಹುದು. 56 ಹರ್ಟ್ಸ್‌ನಲ್ಲಿ 8 ಡೆಸಿಬಲ್ ಉಬ್ಬಿದ್ದರೆ 5–6 ಇಳಿಸಿ, ಹಿತವಾಗಿರುತ್ತದೆ. ಗುಂಡಿಯನ್ನು ಮಾತ್ರ ತುಂಬಲು ಹೋಗಬೇಡಿ. ಎರಡು ಅಲೆ ಪರಸ್ಪರ ಅಳಿಸಿಕೊಂಡದ್ದರಿಂದ ಬಿದ್ದ ಗುಂಡಿ ಅದು. ನೇರ ಅಲೆಯನ್ನು ಏರಿಸಿದರೆ ಮರಳಿ ಬರುವ ಅಲೆಯೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ. 10 ಡೆಸಿಬಲ್ ಏರಿಸಲು ಆಂಪ್ಲಿಫೈಯರ್ 10 ಪಟ್ಟು ವ್ಯಾಟ್ ಕಕ್ಕಬೇಕು, ಸ್ಪೀಕರ್ ಕೋನ್ ಮಿತಿ ಮೀರಿ ಅಲ್ಲಾಡಬೇಕು. ನಿಮಗೆ ಕೇಳುವುದು ಹೆಚ್ಚುಕಡಿಮೆ ಮೊದಲಿನಷ್ಟೇ. ಗುಂಡಿ ಕಂಡರೆ ಕುರ್ಚಿಯನ್ನೋ ಸ್ಪೀಕರನ್ನೋ ಒಂದು ಅಡಿ ಸರಿಸಿ, ಮತ್ತೆ ಅಳೆಯಿರಿ.