ಹೊಗೆಕೊಳವೆಯಿಲ್ಲದ ಕಾರು ಎಷ್ಟು ಶುದ್ಧ?

ಪ್ರಶ್ನೆ: ದೇವಿಮನೆ ಘಟ್ಟದ ಮೂಲಕ ವಾರಕ್ಕೆರಡು ಸಲ ಕುಮಟೆಗೆ ಹೋಗಿಬರುವ ನಾನು ಪೆಟ್ರೋಲ್ ಕಾರು ಮಾರಿ ವಿದ್ಯುತ್ ಕಾರು ಕೊಳ್ಳಬೇಕೆಂದಿದ್ದೇನೆ. ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಬರುವಾಗ ಪ್ರಯೋಜನವುಂಟೇ? ಹೈಡ್ರೋಜನ್ ಕಾರಿಗೆ ಕಾಯಲೇ?
– ಓದುಗರು, ಶಿರಸಿ

ಉತ್ತರ: ನಿಮ್ಮ ಸಂಶಯ ಸಕಾರಣವಾದದ್ದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 100 ಕಿಲೋಮೀಟರಿಗೆ 15 ಕಿಲೋದಷ್ಟು ಉಗುಳುತ್ತದೆ. ಅಷ್ಟೇ ದೂರಕ್ಕೆ ವಿದ್ಯುತ್ ಕಾರಿಗೆ 15 ಯೂನಿಟ್ ಬೇಕೆಂದುಕೊಂಡರೆ, ಕಲ್ಲಿದ್ದಲಿನದೇ ಸಿಂಹಪಾಲಿರುವ ನಮ್ಮ ದೇಶದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಲೆಕ್ಕ ಹಿಡಿದರೂ ಮೊತ್ತ 11 ಕಿಲೋದ ಒಳಗೇ ನಿಲ್ಲುತ್ತದೆ. ಕಾಳಿ ನದಿಯ ಜಲವಿದ್ಯುತ್ತು, ಕೈಗಾದ 880 ಮೆಗಾವಾಟ್ ಅಣುವಿದ್ಯುತ್ತು ನಮ್ಮ ಜಿಲ್ಲೆಯಲ್ಲೇ ಹುಟ್ಟಿದರೂ ಸೇರುವುದು ಒಂದೇ ಜಾಲಕ್ಕೆ; ಆದ್ದರಿಂದ ನಮ್ಮ ಕಾರು ಅವುಗಳಿಂದಲೇ ಓಡುತ್ತದೆಂದು ಹೇಳಿಕೊಳ್ಳುವುದು ಪ್ರಾಮಾಣಿಕವಲ್ಲ.

ಘಟ್ಟದ ದಾರಿಯಲ್ಲಿ ಇನ್ನೊಂದು ಅನುಕೂಲವಿದೆ. ದೇವಿಮನೆಯ ತಿರುವುಗಳಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟಾರೇ ಜನರೇಟರ್ ಆಗಿ, ಬ್ರೇಕಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತಿದ್ದ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿಯ ತಯಾರಿಕೆಯೇ ಸಾಕಷ್ಟು ಮಾಲಿನ್ಯ ಮಾಡುವುದು ನಿಜ. ಆ ಹೊರೆ ತೀರುವುದು ಓಡಾಟ ಹೆಚ್ಚಿದಂತೆಲ್ಲ. ನಿಮಗೆ ಓಡಾಟವಿದೆ.

ಹೈಡ್ರೋಜನ್ ಕಾರು ಬಿಡುವುದು ನೀರಾವಿಯನ್ನು ಮಾತ್ರ. ಆದರೆ ಇಂದಿನ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದಲೇ ತಯಾರಾಗುತ್ತದೆ. ನೀರನ್ನು ವಿಭಜಿಸಿ ಪಡೆಯುವುದಾದರೆ, 100 ಕಿಲೋಮೀಟರ್ ಓಡಿಸಬಲ್ಲ ಒಂದು ಕಿಲೋ ಹೈಡ್ರೋಜನ್‌ಗೆ 50 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು. ಅದಕ್ಕಾಗಿ ಕಾಯಬೇಡಿ.