ಮಂಜಮ್ಮನವರ ಮನಸ್ಸಿನೊಳಗೆ ನೀವು ಹೊಕ್ಕಿದ್ದು ಹೇಗೆ?

ನಮಸ್ಕಾರ.

ಎಲ್ಲಮ್ಮನಿಗೆ ಮುಡಿಪಾಗಿ, ತಲೆ ಮೇಲೆ ಕೊಡ ಹೊತ್ತು ಕುಣಿಯುವ ಕಲಾವಿದೆ ಮಂಜಮ್ಮ ಜೋಗತಿಯವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪು ಕಡಿಮೆ. ಮಂಗಳವಾರ ಬಾಗಿಲಿಗೆ ಬಂದ ಜೋಗತಿಯ ಪಡಲಗಿಗೆ, ಅಂದರೆ ಬಿದಿರು ಬುಟ್ಟಿಗೆ, ನಿಮ್ಮ ಅಜ್ಜಿ ಜೋಳ ಹಾಕುತ್ತಿದ್ದ ಸಾಲುಗಳು ಇಷ್ಟವಾದವು. ಹೊಗಳಿಕೆ ಇಷ್ಟು ಸಾಕು, ಅಲ್ವಾ? ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟ. ಹುಲಿಗೆಮ್ಮನ ಗುಡಿಯಲ್ಲಿ ಆಗ ಹುಡುಗನಾಗಿದ್ದ ಮಂಜಮ್ಮನ ಉಡಿದಾರ ಕಿತ್ತು, ಬಳೆ ತೊಡಿಸಿ, ಜೋಗತಿ ಮಾಡಿದರು. ಇಲ್ಲಿಯವರೆಗೆ ಸರಿ. ಆಮೇಲೆ ಬರೆಯುತ್ತೀರಿ: ‘ಅಂದು ರಾತ್ರಿ ತುಂಗಭದ್ರೆಯ ದಡದಲ್ಲಿ ನಕ್ಷತ್ರ ನೋಡುತ್ತಾ, ಒಂದು ದಿನ ಇಡೀ ದೇಶ ನನ್ನನ್ನು ಗುರುತಿಸುತ್ತದೆ ಎಂದು ಆಕೆ ಅಂದುಕೊಂಡರು.’

ಯಾರು ಹೇಳಿದರು ನಿಮಗೆ? ಅವರನ್ನು ಭೇಟಿಯೇ ಆಗಿಲ್ಲ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ನಕ್ಷತ್ರ ನಿಮ್ಮದು, ಕನಸೂ ನಿಮ್ಮದು. 2021ರ ಪದ್ಮಶ್ರೀಯನ್ನು ಹಿಂದಕ್ಕೆ ಹೊತ್ತೊಯ್ದು ಆ ರಾತ್ರಿಯಲ್ಲಿ ಬಚ್ಚಿಟ್ಟಿದ್ದೀರಿ.

ಮುಂದಿನ ಸಾಲು ಇನ್ನೂ ಕೆಟ್ಟದ್ದು: ‘ಹಲವು ಕಷ್ಟಗಳನ್ನು ಎದುರಿಸಿ, ಛಲ ಬಿಡದೆ ಮುನ್ನುಗ್ಗಿದ ಅವರಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಒಲಿಯಿತು.’ ಒಂದೇ ವಾಕ್ಯದಲ್ಲಿ ಎಷ್ಟು ವರ್ಷ ನುಂಗಿಬಿಟ್ಟಿರಿ! ‘ಹಲವು ಕಷ್ಟ’ ಅಂದರೆ ಯಾವುದು? ಮನೆ ಬಿಟ್ಟಿದ್ದಾ, ಭಿಕ್ಷೆ ಬೇಡಿದ್ದಾ, ಇಡ್ಲಿ ಮಾರಿದ್ದಾ? ‘ಮುನ್ನುಗ್ಗಿದ’ ಅಂದರೆ ಎಲ್ಲಿಗೆ? ದಾವಣಗೆರೆ ಬಸ್ ನಿಲ್ದಾಣದ ಹತ್ತಿರ ಯಾರೋ ಒಬ್ಬ ಅಪ್ಪ ಹಾಡುತ್ತಿದ್ದ, ಅವನ ಮಗ ಕುಣಿಯುತ್ತಿದ್ದ. ಮಂಜಮ್ಮ ಅದನ್ನು ಕಂಡರು, ಅವರಿಂದ ಕಲಿತರು. ಆಮೇಲೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ ಸಿಕ್ಕರು. ಕಾಳವ್ವನ ಮೇಳದಲ್ಲಿ ಕುಣಿದರು, ಕಾಳವ್ವ ತೀರಿಕೊಂಡ ಮೇಲೆ ಆ ಮೇಳವನ್ನೇ ನಡೆಸಿದರು. ನಿಮ್ಮ ಲೇಖನದಲ್ಲಿ ಕಾಳವ್ವನ ಹೆಸರೇ ಇಲ್ಲ. ‘ಛಲ’ ಮಾತ್ರ ಪುಟಕ್ಕೆರಡು ಸಲ ಇದೆ.

ಛಲ ಇದ್ದ ಮಾತ್ರಕ್ಕೆ ಕುಣಿತ ಬರುವುದಿಲ್ಲ ಮಾರಾಯ್ರೇ. ಕೈ ಬಿಟ್ಟು ತಲೆ ಮೇಲೆ ಕೊಡ ನಿಲ್ಲಿಸಿ, ಚೌಡಿಕೆ ಎಂಬ ತಂತಿವಾದ್ಯಕ್ಕೆ ಹೆಜ್ಜೆ ಹಾಕುವುದನ್ನು ಯಾರೋ ಕೂತು ಕಲಿಸಬೇಕು. ಕುತ್ತಿಗೆ ಏನು ಮಾಡುತ್ತದೆ? ಕಣ್ಣು ಎಲ್ಲಿರುತ್ತದೆ? ಹೊಸಬರ ಕೊಡ ಯಾವಾಗ ಜಾರುತ್ತದೆ? ಇದನ್ನು ಬರೆಯಿರಿ. ಎಲ್ಲಮ್ಮನ ಮೇಲಿನ ನಂಬಿಕೆ ಅವರನ್ನು ಕಾಪಾಡಿತು ಅಂತ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಆ ಎಲ್ಲಮ್ಮ ಕೊಡದಲ್ಲಿ ಕೂತು ಅವರ ತಲೆ ಮೇಲೇ ಇದ್ದಾಳಲ್ಲ!

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಕೆಂಪು ಪೆನ್ನು. ಯಾರ ಬರಹದಲ್ಲಿ ‘ಅಂದುಕೊಂಡರು’ ಕಂಡರೂ ಪಕ್ಕದಲ್ಲಿ ‘ನಿನ್ ಹತ್ರ ಹೇಳಿದ್ರಾ?’ ಅಂತ ಗೀಚುತ್ತಿದ್ದರು. ಒಮ್ಮೆ ನನ್ನನ್ನು ದೊಡ್ಡಾಟದವರು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಅಟ್ಟಿದರು. “ಯಾರ ಮನಸ್ಸನ್ನೂ ಬರೀಬೇಡ. ಕೈ ಏನ್ ಮಾಡ್ತಾವೆ, ಅಷ್ಟೇ ಬರ್ಕೊಂಡು ಬಾ” ಅಂದರು. ರಾತ್ರಿಯಿಡೀ ಕೂತೆ. ಭೀಮನ ಪಾತ್ರದ ಮುದುಕರು ಕಿರೀಟ ಕಟ್ಟುವ ಮುಂಚೆ ಕನ್ನಡಕ ತೆಗೆದು ಮೊಮ್ಮಗನ ಜೇಬಿಗೆ ಹಾಕಿದರು. ನನ್ನ ವರದಿಯಲ್ಲಿ ಆ ಒಂದು ಸಾಲು ಉಳಿಯಿತು, ಬಾಕಿಯೆಲ್ಲ ಕೆಂಪು. ಅವತ್ತು ಅವರ ಮೇಲೆ ನನಗೆ ಬಂದಷ್ಟು ಕೋಪ ಈಗ ನಿಮಗೆ ನನ್ನ ಮೇಲೆ ಬಂದಿರಬಹುದು. ಬರಲಿ.

ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ಆಗಿನ ರಾಷ್ಟ್ರಪತಿ ಕೋವಿಂದ್ ಅವರಿಗೆ ದೃಷ್ಟಿ ತೆಗೆದದ್ದಕ್ಕೆ ಒಂದೂವರೆ ಪುಟ ಜಾಸ್ತಿಯಾಯಿತು. ಆ ವಿಡಿಯೋ ಊರೆಲ್ಲ ನೋಡಿದೆ, ಮೂರು ಸಾಲು ಸಾಕು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಮಾತ್ರ ಅರ್ಧ ಸಾಲಿನಲ್ಲಿ ಮುಗಿದಿದೆ. ಆ ಕುರ್ಚಿಯಲ್ಲಿ ಕೂತ ಮೊದಲ ಮಂಗಳಮುಖಿ ಅವರು. ಅಳತೆ ತಲೆಕೆಳಗಾಗಿದೆ.

ನೀವಿರುವುದು ಹೊಸಪೇಟೆಯಲ್ಲಿ. ಹಗರಿಬೊಮ್ಮನಹಳ್ಳಿ ದೂರವೇನಲ್ಲ. ಹೋಗಿ, ಕಾಳವ್ವನ ಜೊತೆ ಕುಣಿದವರು ಯಾರಾದರೂ ಸಿಗುತ್ತಾರಾ ವಿಚಾರಿಸಿ. ಮಂಜಮ್ಮನವರನ್ನೂ ಕೇಳಿ. ಎರಡನೇ ಪುಟವೊಂದನ್ನೇ ಹೊಸದಾಗಿ ಬರೆದು ಕಳಿಸಿದರೂ ಓದುತ್ತೇನೆ.