ಒಪ್ಪಂದ ಹರಿಯೋದಕ್ಕೆ ಮೊದ್ಲು ಗೆಜೆಟ್ ಕೇಳಿ

ಪತ್ರ: ಹೋದ ಸಂಚಿಕೇಲಿ ವ್ಯಾಪಾರಕ್ಕೆ ಬಾಗಿಲು ತೆಗೆದ ದೇಶ ಅಂತ ವಿಯೆಟ್ನಾಂನ ಅಷ್ಟೊಂದು ಹೊಗಳಿದ್ರಲ್ಲ, ಅವರ ಕರಿಮೆಣಸು ಬಂದು ನಮ್ಮ ರೇಟು ನೆಲ ಕಚ್ಚಿದ್ದು ನಿಮಗೆ ಗೊತ್ತಾ? ಈ ಟ್ರೇಡ್ ಅಗ್ರಿಮೆಂಟುಗಳನ್ನೆಲ್ಲ ಹರಿದು ಬಿಸಾಕ್ಬೇಕು.
– ಮೂಡಿಗೆರೆ ಕಡೆಯ ಬೆಳೆಗಾರರು

ಉತ್ತರ: ಗೊತ್ತು ಸ್ವಾಮಿ. ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ದೆ ಬರುತ್ತೆ, ಲಂಕಾ ಹೆಸರಲ್ಲಿ ವಿಯೆಟ್ನಾಂ ಮಾಲೂ ನುಗ್ತಿದೆ ಅಂತ ಬೆಳೆಗಾರರು ಬಾಯಿ ಬಡ್ಕೊಂಡ ಮೇಲೆ ತಾನೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿದ್ದು, ಅಂದ್ರೆ ಅದಕ್ಕಿಂತ ಕಮ್ಮಿ ಬೆಲೆಗೆ ಹೊರಗಿಂದ ತರೋ ಹಾಗಿಲ್ಲ ಅಂತ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ವಿಯೆಟ್ನಾಂ ಕಥೇಲಿ ಬರೀ ಮೆಣಸು ನೋಡಿ ಪುಟ ಮುಚ್ಚಿಬಿಟ್ರಿ, ಅದೇ ನನಗೆ ಬೇಜಾರು.

1986ರಲ್ಲಿ ಅವರು ದೊಯ್ ಮೊಯ್ ಅಂತ ಮಾರುಕಟ್ಟೆ ಬಾಗಿಲು ತೆಗೆದಾಗ ಕಾನೂನು ಅನ್ನೋದು ಜನರ ಕಣ್ಣಿಗೆ ಸರಿಯಾಗಿ ಬೀಳ್ತಾನೇ ಇರ್ಲಿಲ್ಲ, ಎಷ್ಟೋ ರೂಲ್ಸು ಆಫೀಸುಗಳ ಒಳಗಿನ ಸುತ್ತೋಲೆಗಳಲ್ಲೇ ಇರ್ತಿದ್ವು, ಒಂದು ಕಂಪನಿ ಶುರು ಮಾಡ್ಬೇಕು ಅಂದ್ರೆ ಪ್ರಾಂತ್ಯದ ಪೀಪಲ್ಸ್ ಕಮಿಟಿ, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತದ ಅನುಮತಿಗೆ ಕಾಯ್ಬೇಕಿತ್ತು. 2000ದ ಜನವರಿ 1ಕ್ಕೆ ಹೊಸ ಎಂಟರ್‌ಪ್ರೈಸ್ ಕಾನೂನು ಬಂತು, ಅನುಮತಿ ಹೋಗಿ ನೋಂದಣಿ ಆಯ್ತು, ಸ್ವಲ್ಪ ದಿನಕ್ಕೇ 80ಕ್ಕೂ ಹೆಚ್ಚು ಲೈಸೆನ್ಸ್‌ಗಳನ್ನ ಒಂದೇ ಏಟಿಗೆ ಕಿತ್ತು ಹಾಕಿದ್ರು. ಅದೇ ವರ್ಷ ಜುಲೈನಲ್ಲಿ ಅಮೆರಿಕದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ, 2001ರ ಡಿಸೆಂಬರ್‌ನಲ್ಲಿ ಜಾರಿ. ಎಲ್ರೂ ಅದರ ಸುಂಕದ ಲೆಕ್ಕ ಹೇಳ್ತಾರೆ, ಅಮೆರಿಕಕ್ಕೆ ಅವರ ರಫ್ತು ಒಂದೇ ವರ್ಷದಲ್ಲಿ ದುಪ್ಪಟ್ಟು ಆಗಿದ್ದು ನಿಜಾನೇ. ನಾನು ಮತ್ತೆ ಮತ್ತೆ ಓದೋದು ಮಾತ್ರ ಅದರ ಆರನೇ ಅಧ್ಯಾಯ: ವ್ಯಾಪಾರಕ್ಕೆ ಸಂಬಂಧಪಟ್ಟ ಕಾನೂನನ್ನ ಪ್ರಕಟಿಸಬೇಕು, ಅಧಿಕಾರಿ ಮಾಡಿದ ತೀರ್ಮಾನ ತಪ್ಪು ಅನ್ಸಿದ್ರೆ ಮೇಲ್ಮನವಿಗೆ ದಾರಿ ಇರ್ಬೇಕು. 2007ರಲ್ಲಿ ಡಬ್ಲ್ಯೂಟಿಓ (ವಿಶ್ವ ವ್ಯಾಪಾರ ಸಂಸ್ಥೆ) ಸೇರಿದ್ರು, ಮರುವರ್ಷದ ಕಾನೂನಲ್ಲಿ ಹೊಸ ಕಾನೂನುಗಳ ಕರಡುಗಳನ್ನ 60 ದಿನ ಜನರ ಅಭಿಪ್ರಾಯಕ್ಕೆ ಇಡ್ಬೇಕು ಅಂತ ಬರೆದ್ರು. ಒಂದೇ ಪಕ್ಷದ ಸರ್ಕಾರ ಇರೋ ದೇಶ ಅದು ಸ್ವಾಮಿ, ಪತ್ರಿಕೆಗಳಿಗೂ ಸ್ವಾತಂತ್ರ್ಯ ಇಲ್ಲ, ಅಲ್ಲೇ ಇಷ್ಟು ಆಯ್ತು.

ಹಾಗಂತ ಒಪ್ಪಂದ ದೊಡ್ಡ ದೇಶಗಳ ಕೈ ಕಟ್ಟಿಹಾಕಿದ್ದೇನೂ ಇಲ್ಲ. ಮೆಕಾಂಗ್ ಬಯಲಿನ ರೈತರು ಕೊಳದಲ್ಲಿ ಸಾಕೋ ತ್ರಾ, ಬಾಸಾ ಮೀನು ಅಗ್ಗಕ್ಕೆ ಬಂತು ಅಂತ ಅಮೆರಿಕದವರು ಮೊದ್ಲು ಅದನ್ನ ಕ್ಯಾಟ್‌ಫಿಶ್ ಅಂತ ಹೆಸರಿಟ್ಟು ಮಾರೋದನ್ನೇ ನಿಷೇಧ ಮಾಡಿದ್ರು, 2003ರಲ್ಲಿ ಆಂಟಿ ಡಂಪಿಂಗ್ ಸುಂಕಾನೂ (ತೀರಾ ಅಗ್ಗಕ್ಕೆ ತಂದು ಸುರಿಯೋ ಮಾಲಿನ ಮೇಲಿನ ಸುಂಕ) ಜಡಿದ್ರು.

ಈಗ ನಮ್ಮ ಕಡೆ ಬನ್ನಿ. 2022ರ ಮೇ 13ರ ರಾತ್ರಿ ಅಧಿಸೂಚನೆ ಬಂತು, ಗೋಧಿ ರಫ್ತು ಬಂದ್. 2023ರ ಆಗಸ್ಟ್‌ನಲ್ಲಿ ಈರುಳ್ಳಿ ಮೇಲೆ 40% ರಫ್ತು ಸುಂಕ, ಅದೂ ತಕ್ಷಣದಿಂದ. ಕೋಲಾರ, ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿ ಗೊತ್ತಲ್ಲ, ಚಿಕ್ಕದು, ಖಾರ ಜಾಸ್ತಿ, ನಮ್ಮ ಅಡಿಗೆಮನೇಲಿ ಬಳಸೋರು ತೀರಾ ಕಮ್ಮಿ, ಮಲೇಷ್ಯಾ ಸಿಂಗಾಪುರಕ್ಕೆ ಅಂತಾನೇ ಬೆಳೆಯೋದು. ಇಲ್ಲಿ ತಿನ್ನದೇ ಇರೋ ಈರುಳ್ಳೀನ ತಡೆದ್ರೆ ಇಲ್ಲಿನ ಬೆಲೆ ಹೇಗೆ ಇಳಿಯುತ್ತೆ? ರೈತರಿಗೆ ಗೊತ್ತಿದ್ದ ಈ ಮಾತು ದೆಹಲಿಗೆ ಗೊತ್ತಾಗಿ, ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟ್ ಇದ್ರೆ ವಿನಾಯಿತಿ ಅಂತ ಆದೇಶ ಬರೋಕೆ ಸೆಪ್ಟೆಂಬರ್ ಕೊನೆ ಆಯ್ತು. ಕರಡು ಹಾಕಿ ಮೊದ್ಲೇ ಕೇಳಿದ್ರೆ ಅಲ್ಲಿನ ಯಾವ ರೈತನಾದ್ರೂ ಒಂದೇ ಮಾತಲ್ಲಿ ಹೇಳ್ತಿದ್ದ!

ಮಸೂದೆಗಳ ಕರಡನ್ನ 30 ದಿನ ಜನರ ಮುಂದೆ ಇಡ್ಬೇಕು ಅಂತ ನಮ್ಮಲ್ಲೂ 2014ರಲ್ಲಿ ಒಂದು ನೀತಿ ಬಂತು, ಆದ್ರೆ ಅದು ನೀತಿ ಅಷ್ಟೇ, ಕಾನೂನಲ್ಲ. ರೈತನ ಒಂದು ವರ್ಷದ ದುಡಿಮೆ ನಿಂತಿರೋ ಆದೇಶಾನ ಹಿಂಗೆ ರಾತ್ರೋರಾತ್ರಿ ಹೊರಡಿಸೋದು ಯಾವ ನ್ಯಾಯ? ಮೆಣಸಿನ ಆಮದು ಬೆಲೆ ಇಟ್ಟಾಗ ನಿಮಗೆ ಖುಷಿ ಆಯ್ತು, ನಾಳೆ ಅದೇ ಥರ ಇನ್ನೊಂದು ಅಧಿಸೂಚನೆಲಿ ಅದನ್ನ ತೆಗೆದುಬಿಟ್ರೆ ಯಾರನ್ನ ಕೇಳ್ತೀರಿ?

ನಿಮ್ಮ ಸಂಘದವರು ಮುಂದಿನ ಸಲ ಮನವಿ ಕೊಡೋವಾಗ ರೇಟಿನ ಜೊತೆ ಇದನ್ನೂ ಬರೀರಿ: ಆಮದು ರಫ್ತಿನ ಆದೇಶದ ಕರಡು ಮೊದ್ಲೇ ಗೆಜೆಟ್‌ನಲ್ಲಿ, ಅಂದ್ರೆ ಸರ್ಕಾರದ ರಾಜಪತ್ರದಲ್ಲಿ ಹೊರಗೆ ಬರ್ಲಿ, ಕನ್ನಡದಲ್ಲೂ ಬರ್ಲಿ, ಆಕ್ಷೇಪಣೆಗೆ ದಿನ ಕೊಡ್ಲಿ. ಮನವಿ ಪ್ರತಿ ನಮಗೂ ಕಳಿಸಿ, ಪೂರ್ತಿ ಹಾಕ್ತೀವಿ.